ಊರಿಗೆ ಹೊರಟಿರಾ? ಲೈಬ್ರರಿಯನ್ನೂ ಜೊತೆಗೆ ಒಯ್ಯಿರಿ

ಮಾನಸಗಂಗೋತ್ರಿಯ ಹಾಸ್ಟೆಲ್‌ನಿಂದ ಪಾಂಡವಪುರದ ಹತ್ತಿರದ ತನ್ನ ಹಳ್ಳಿಗೆ ಹೋದ ಎರಡನೇ ದಿನವೇ ತಂಗಿಯ ಮಗಳು ಫೋನ್ ಮಾಡಿದಳು. ವಿಶ್ವೇಶ್ವರಯ್ಯ ನಾಲೆಯ ಮೇಲೆ ಅವಳ ಎಂ.ಎ. ಕಿರುಪ್ರಬಂಧ. "ಮೊನ್ನೆ ಲೈಬ್ರರಿಯಲ್ಲಿ ಕೂತು ಓದಿದ ಲೇಖನಾನೇ ಈಗ ಬೀಗ ತೋರಿಸ್ತಿದೆ, ಡಾಲರ್‌ನಲ್ಲಿ ದುಡ್ಡು ಕೇಳ್ತಿದೆ" ಅಂದಳು. ದುಡ್ಡು ಕಟ್ಟಬೇಡ ಅಂದೆ. ಆದರೆ ಮನೆಯಿಂದ ಲಾಗಿನ್ ಆಗುವ ಐಡಿಯನ್ನೇ ಅವಳು ಮಾಡಿಸಿಕೊಂಡಿರಲಿಲ್ಲ. ಅದಕ್ಕಾಗಿ ಮತ್ತೆ ಮೈಸೂರಿಗೆ ಬಂದು ಹೋಗಲು ಒಂದು ಇಡೀ ದಿನ ಹೋಯಿತು.

ಹೀಗಾಗುವುದು ಯಾಕೆ? ಇಂಥ ಲೇಖನಗಳು ಬರುವ ಜರ್ನಲ್‌ಗಳಿಗೆ, ಅಂದರೆ ಸಂಶೋಧನಾ ಪತ್ರಿಕೆಗಳಿಗೆ, ಸಂಸ್ಥೆಯ ಹೆಸರಿನಲ್ಲಿ ಚಂದಾ ಇರುತ್ತದೆ. ಕ್ಯಾಂಪಸ್‌ನ ಇಂಟರ್ನೆಟ್‌ಗೆ ಒಂದು ವಿಳಾಸ ಇರುತ್ತದೆ. ಆ ವಿಳಾಸ ಕಂಡರೆ ಸಾಕು, ಪ್ರಕಾಶಕರ ಸೈಟ್ ಬಾಗಿಲು ತೆರೆಯುತ್ತದೆ. ಊರಿನಲ್ಲಿ ಮೊಬೈಲ್ ಡೇಟಾದಿಂದ ಹೋದರೆ ನೀವು ಯಾರೆಂದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಲಾಗಿನ್ ಬೇಕು.

ಹಾಗಾಗಿ ಮೊದಲ ಕೆಲಸ, ಬ್ಯಾಗ್ ತುಂಬುವ ಮುಂಚೆಯೇ ಲೈಬ್ರರಿ ಕೌಂಟರ್‌ಗೆ ಹೋಗಿ 'ರಿಮೋಟ್ ಆಕ್ಸೆಸ್ ಬೇಕು' ಅನ್ನಿ, ಅಂದರೆ ಮನೆಯಿಂದಲೇ ಲಾಗಿನ್ ಆಗುವ ಸೌಲಭ್ಯ. ಗುರುತಿನ ಚೀಟಿ ಜೊತೆಗಿರಲಿ. ಐಡಿ ಸಿಕ್ಕ ಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅಲ್ಲೇ ನಿಂತು ಒಮ್ಮೆ ಲಾಗಿನ್ ಆಗಿ ನೋಡಿ. ತೊಂದರೆ ಇದ್ದರೆ ಅಲ್ಲೇ ಬಗೆಹರಿಯುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸರ್ಕಾರಿ ಅಥವಾ ಅನುದಾನಿತ ಪದವಿ ಕಾಲೇಜಿನವರಾದರೆ 'ಎನ್-ಲಿಸ್ಟ್ ಐಡಿ ಇದೆಯಾ' ಎಂದು ಕೇಳಿ. ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್, ಪುಸ್ತಕ ಒದಗಿಸುವ ಯೋಜನೆ ಅದು. ಎಷ್ಟೋ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ, ನನಗೆ ಬೇಜಾರಾಗುವುದು ಅದಕ್ಕೇ.

ಇನ್ನು ಮನೆಯಲ್ಲಿ. ಲೇಖನದ ಪುಟದಲ್ಲಿ ದುಡ್ಡು ಕೇಳುವ ಗುಂಡಿಯ ಹತ್ತಿರವೇ 'ಆಕ್ಸೆಸ್ ಥ್ರೂ ಯುವರ್ ಇನ್‌ಸ್ಟಿಟ್ಯೂಷನ್' ಎಂದು ಸಣ್ಣದಾಗಿ ಇರುತ್ತದೆ. ಅದನ್ನು ಒತ್ತಿ, ನಿಮ್ಮ ಸಂಸ್ಥೆಯ ಹೆಸರು ಹುಡುಕಿ. 'ಮೈಸೂರು' ಎಂದು ಒಂದೇ ಸ್ಪೆಲ್ಲಿಂಗ್‌ನಲ್ಲಿ ಹುಡುಕಿ ಕೈಬಿಡಬೇಡಿ, ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲೂ ನೋಡಿ. ಪಾಸ್‌ವರ್ಡ್ ಹಾಕುವುದು ಸಂಸ್ಥೆಯ ಲಾಗಿನ್ ಪುಟದಲ್ಲಿ, ಅದು ಪ್ರಕಾಶಕರ ಕೈಗೆ ಹೋಗುವುದಿಲ್ಲ. 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್', ಅಂದರೆ ದೇಶಕ್ಕೆಲ್ಲ ಒಂದೇ ಚಂದಾ ಎಂಬ ಕೇಂದ್ರ ಸರ್ಕಾರದ ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಅದರಲ್ಲಿವೆ. ಮುಂಚೆ ಸಿಗದೇ ಇದ್ದದ್ದನ್ನೂ ಈಗ ಇನ್ನೊಮ್ಮೆ ಹುಡುಕಿ.

ಲಾಗಿನ್ ಕೈಕೊಟ್ಟರೂ ಶೋಧಗಂಗಾ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಸಿಗುತ್ತವೆ. ಐಡಿ ಬೇಡ, ದುಡ್ಡೂ ಬೇಡ. ನನಗೆ ತುಂಬ ಇಷ್ಟವಾದದ್ದು ಏನೆಂದರೆ, ಅಲ್ಲಿ ಪ್ರಬಂಧವನ್ನು ಅಧ್ಯಾಯ ಅಧ್ಯಾಯವಾಗಿ ಬೇರೆ ಬೇರೆ ಪಿಡಿಎಫ್ ಮಾಡಿ ಇಟ್ಟಿರುತ್ತಾರೆ. ನಮ್ಮ ಹುಡುಗಿ ಮೊದಲು ತೆರೆದದ್ದು ಪರಿವಿಡಿ. ಕಾವೇರಿ ನೀರಾವರಿ ಇದ್ದದ್ದು ಮೂರನೇ ಅಧ್ಯಾಯದಲ್ಲಿ. ಅದೊಂದನ್ನೇ ಬೆಳಗಿನ ಜಾವ ನೆಟ್‌ವರ್ಕ್ ಚೆನ್ನಾಗಿರುವಾಗ ಇಳಿಸಿಕೊಂಡಳು. ಇಡೀ ಪ್ರಬಂಧ ಇಳಿಸಿದ್ದರೆ ಆ ದಿನದ ಡೇಟಾ ಪೂರ್ತಿ ಖಾಲಿ, ಅಲ್ವಾ? ಕನ್ನಡ ಪ್ರಬಂಧ ಬೇಕಿದ್ದರೆ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹುಡುಕಬೇಕು, ಯಾವುದರಲ್ಲಿ ಸೇರಿಸಿರುತ್ತಾರೋ ಹೇಳಲಾಗದು.

ಪಾರಿಭಾಷಿಕ ಪದಕ್ಕೆ ಕನ್ನಡ ಬೇಕಾದರೆ ಭಾರತವಾಣಿಯ ನಿಘಂಟುಗಳನ್ನು ನೋಡಿ. ಮಾನಸಗಂಗೋತ್ರಿಯಲ್ಲೇ ಇರುವ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಅದನ್ನು ನಡೆಸುತ್ತಿದೆ. ಪುಸ್ತಕಗಳಿಗೆ ಖರಗ್‌ಪುರ ಐಐಟಿಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ.

ಒಂದು ಎಚ್ಚರಿಕೆ. ಸಿಕ್ಕಿತೆಂದು ಸುಮ್ನೆ ನೂರಾರು ಲೇಖನ ಒಟ್ಟಿಗೆ ಇಳಿಸಬೇಡಿ. ಪ್ರಕಾಶಕರ ಸೈಟ್ ಅದನ್ನು ಕಳ್ಳತನವೆಂದು ತಿಳಿದು ಇಡೀ ಸಂಸ್ಥೆಗೇ ಬಾಗಿಲು ಹಾಕಬಹುದು. ಪಾಸ್‌ವರ್ಡನ್ನು ಗೆಳೆಯರಿಗೂ ಕೊಡಬೇಡಿ.

ಇಷ್ಟಾದರೂ ಲೇಖನ ಸಿಗಲಿಲ್ಲವಾ? ಲೈಬ್ರರಿಗೆ ಇಮೇಲ್ ಮಾಡಿ. 'ನೀರಾವರಿ ಲೇಖನ ಬೇಕು' ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾರರು. ಲೇಖಕರ ಹೆಸರು, ಶೀರ್ಷಿಕೆ, ಜರ್ನಲ್, ವರ್ಷ, ಪುಟಸಂಖ್ಯೆ, ಡಿಓಐ (ಲೇಖನವನ್ನು ಗುರುತಿಸುವ ಅದರದೇ ಸಂಖ್ಯೆ) ಎಲ್ಲ ಹಾಕಿ, ಬಂದ ಎರರ್‌ನ ಸ್ಕ್ರೀನ್‌ಶಾಟ್ ಸೇರಿಸಿ ಕಳಿಸಿ. ಲೇಖಕರ ಇಮೇಲ್ ಪುಟದಲ್ಲಿ ಕಂಡರೆ ಅವರನ್ನೂ ಕೇಳಿ. ಎಷ್ಟೋ ಮಂದಿ ತಮ್ಮ ಲೇಖನವನ್ನು ಖುಷಿಯಿಂದ ಕಳಿಸುತ್ತಾರೆ.