ಶಾಲೆ ತೆರೆಯುವ ಮೊದಲೇ ಗೂಡು ಮಾರುಕಟ್ಟೆಗೆ: ಮೇ ಬೆಳೆಯ ನನ್ನ ಅನುಭವ

ನಾಲ್ಕನೇ ಜ್ವರ ಎದ್ದ ಹುಳುವಿಗೂ ಶಾಲೆ ತೆರೆಯುವ ದಿನಕ್ಕೂ ಏನು ಸಂಬಂಧ ಎಂದು ರೇಷ್ಮೆ ಮಾಡದವರು ಕೇಳಬಹುದು. ಮಾಡುವವರಿಗೆ ಹೇಳಬೇಕಾಗಿಲ್ಲ. ಜ್ವರ ಎಂದರೆ ರೇಷ್ಮೆಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು; ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟುವವರೆಗೆ ಉಳಿಯುವುದು ಒಂದು ವಾರ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಆ ವಾರ ಮನೆಯಲ್ಲಿ ಒಲೆ ಹೊತ್ತಿಗೆ ಸರಿಯಾಗಿ ಉರಿಯುವುದಿಲ್ಲ, ಯಾರಿಗೂ ಸರಿಯಾದ ನಿದ್ದೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಹಲವು ವರ್ಷ ಆ ವಾರ ಮೇ ಕೊನೆಗೇ ಬಂದು ಕೂರುತ್ತಿತ್ತು. ಸರ್ಕಾರಿ ಶಾಲೆ ಈಗೀಗ ಮೇ 29ಕ್ಕೆ ತೆರೆಯುತ್ತದೆ, ಚಿಕ್ಕವರ ಖಾಸಗಿ ಶಾಲೆಯೂ ಹೆಚ್ಚುಕಡಿಮೆ ಅದೇ ವಾರ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಒಂದೂಕಾಲು ಎಕರೆ ವಿ-1 ತಳಿಯ ಹಿಪ್ಪುನೇರಳೆ ಸೊಪ್ಪು, ಎರಡು ತಾಕು, ಸಿಮೆಂಟ್ ಶೀಟಿನ ಹುಳು ಮನೆ. ಯಜಮಾನರು, ಅತ್ತೆ, ನಾನು, ಮೂವರು ಮಕ್ಕಳು. ದೊಡ್ಡವಳು ಸರ್ಕಾರಿ ಪ್ರೌಢಶಾಲೆ, ಉಳಿದಿಬ್ಬರು ಖಾಸಗಿ ಶಾಲೆ. ಹಿಂದೆಲ್ಲ ಶಾಲೆ ತೆರೆಯುವ ವಾರ ಬಂತೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಕಡೆ ದಿನಕ್ಕೆ ಮೂರು ಹೊತ್ತು ಸೊಪ್ಪು, ಇನ್ನೊಂದು ಕಡೆ ದರ್ಜಿಯ ಬಳಿ ಅರ್ಧಕ್ಕೆ ನಿಂತ ಸಮವಸ್ತ್ರ, ಪುಸ್ತಕಕ್ಕೆ ಬೈಂಡು, ವ್ಯಾನಿನವನ ಫೋನು. ಗೂಡಿನ ಹಣ ಕೈಗೆ ಬರುವುದು ಜೂನ್ ಎರಡನೇ ವಾರಕ್ಕೆ, ಶುಲ್ಕ ಕಟ್ಟಬೇಕಾದದ್ದು ಮೇ ಕೊನೆಗೆ. ನಡುವಿನ ಆ ಹದಿನೈದು ದಿನಕ್ಕಾಗಿ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತರುತ್ತಿದ್ದೆವು. ಹದಿನೈದು ದಿನದ ಸಾಲ ಹದಿನೈದು ದಿನಕ್ಕೆ ತೀರಿದ್ದನ್ನು ನಾನು ಕಂಡಿಲ್ಲ. ಒಂದು ವರ್ಷ ನನ್ನ ಓಲೆ ಗಿರವಿಗೆ ಹೋಗಿ ದೀಪಾವಳಿಯವರೆಗೂ ಬರಲಿಲ್ಲ. ಇದಕ್ಕಿಂತ ಹೊಟ್ಟೆ ಉರಿಸಿದ್ದು ದೊಡ್ಡವಳು ಆ ವರ್ಷ ಶಾಲೆಯ ಮೊದಲ ವಾರವನ್ನು ಹುಳು ಮನೆಯಲ್ಲಿ ಕಳೆದದ್ದು.

ಆಗಲೇ ತೀರ್ಮಾನಿಸಿದೆ, ಬೆಳೆಯ ದಿನಾಂಕ ಶಾಲೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಬರಬೇಕು.

ಹೇಳಿದ ಕೂಡಲೇ ಎಲ್ಲರೂ ಬೇಡವೆಂದರು. ಅವರ ಮಾತಿನಲ್ಲಿ ಅರ್ಥವಿತ್ತು. ಗೂಡು ಮೇ 23, 24ಕ್ಕೆ ಮಾರುಕಟ್ಟೆಗೆ ಹೋಗಬೇಕಾದರೆ ಹುಳು ದೊಡ್ಡದಾಗುವುದು ಮೇ ಎರಡನೇ ವಾರದಲ್ಲಿ. ಕೊನೆಯ ಹಂತಕ್ಕೆ ಹುಳು ಕೇಳುವುದು 25 ಡಿಗ್ರಿ ಆಸುಪಾಸು, ಆ ವಾರ ನಮ್ಮ ಶೀಟಿನ ಕೆಳಗೆ 34 ಇರುತ್ತದೆ. "ಸಪ್ಪೆ ರೋಗ ಬಂದು ಎಲ್ಲ ತಿಪ್ಪೆಗೆ ಹೋಗುತ್ತದೆ, ಅಣ್ಣನ ಕೈಯಲ್ಲಿ ಇನ್ನಷ್ಟು ಸಾಲ ಮಾಡಿಸಬೇಡಿ ಅತ್ತಿಗೆ" ಎಂದ ನನ್ನ ಮೈದುನ. ಅವನೂ ರೇಷ್ಮೆಯವನೇ, ನನಗಿಂತ ಹೆಚ್ಚು ಬೆಳೆ ತೆಗೆದವನು. ಅತ್ತೆ ಮಾತ್ರ "ಮಾಡಿ ನೋಡಮ್ಮ, ಹೋದರೆ ಒಂದು ಬೆಳೆ" ಎಂದರು.

ಮೊದಲ ವರ್ಷ ಮೈದುನನ ಮಾತೇ ನಿಜವಾಯಿತು. ಇನ್ನೂರು ಮೊಟ್ಟೆಯ ಚಾಕಿ, ಅಂದರೆ ಕೇಂದ್ರದಲ್ಲಿ ಸಾಕಿ ಕೊಡುವ ಮರಿಹುಳು ತಂದಿದ್ದೆವು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು. ನಾಲ್ಕನೇ ಜ್ವರ ಎದ್ದ ಮೂರನೇ ದಿನ ಬಿಸಿಗಾಳಿ ಬೀಸಿತು. ಬೆಳಿಗ್ಗೆ ಹಾಕಿದ ರೆಂಬೆ ಹನ್ನೊಂದಕ್ಕೆಲ್ಲ ಬಾಡಿ ಸುರುಟಿತ್ತು, ಹುಳು ಸೊಪ್ಪು ಮುಟ್ಟದೆ ತಟ್ಟೆಯ ಅಂಚಿಗೆ ಬಂದು ತಲೆ ಚಾಚಿ ಮಲಗಿದವು. ನೂರಮೂವತ್ತು ಕೆಜಿ ನಿರೀಕ್ಷೆಯಿದ್ದ ಕಡೆ ಐವತ್ತರ ಹತ್ತಿರ ಗೂಡು ಬಂತು. ಚಾಕಿ, ಗೊಬ್ಬರ, ಕೂಲಿ ಕಳೆದರೆ ಕೈಗೆ ಉಳಿದದ್ದು ಸೊನ್ನೆ. ಮುಂದಿನ ವರ್ಷ ಬಿಸಿಲನ್ನು ಗೆದ್ದೆವು, ಆದರೆ ಚಾಕಿ ಕೇಂದ್ರದವರು ಹೇಳಿದ ದಿನಕ್ಕಿಂತ ನಾಲ್ಕೈದು ದಿನ ತಡವಾಗಿ ಹುಳು ಕೊಟ್ಟರು. ಎಲ್ಲವೂ ಹಿಂದೆ ಸರಿದು, ಶಾಲೆ ತೆರೆಯುವ ಹಿಂದಿನ ರಾತ್ರಿ ಗೂಡು ಬಿಡಿಸುತ್ತಾ ಕುಳಿತಿದ್ದೆವು. ಬೆಳೆ ಚೆನ್ನಾಗಿತ್ತು, ನನ್ನ ಲೆಕ್ಕಕ್ಕೆ ಅದೂ ಸೋಲೇ. ಇನ್ನೊಂದು ವರ್ಷ ವೋಲ್ಟೇಜ್ ಏರುಪೇರಾಗಿ ಪಂಪು ಸುಟ್ಟಿತು, ಸೊಪ್ಪು ಹದಕ್ಕೆ ಬರಲಿಲ್ಲ, ಆರು ಸಾವಿರದಷ್ಟು ಕೊಟ್ಟು ಹೊರಗಿನ ಸೊಪ್ಪು ತಂದೆವು.

ಈಗ ನಡೆಯುತ್ತಿರುವ ಲೆಕ್ಕ ಹೀಗಿದೆ. ಮೇ 22ರ ಹೊತ್ತಿಗೆ ಗೂಡು ಬಿಡಿಸಬೇಕು. ಹಾಗಾದರೆ ಹುಳು ಹಣ್ಣಾಗಿ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆ ಎಂಬ ಬಿದಿರ ತಟ್ಟಿ ಹತ್ತಬೇಕಾದದ್ದು 16, 17ಕ್ಕೆ. ಎರಡನೇ ಜ್ವರ ಎದ್ದ ಚಾಕಿ ಹುಳು ಮನೆಗೆ ಬರಬೇಕಾದದ್ದು ಏಪ್ರಿಲ್ 30ರ ಆಚೀಚೆ. ಸೊಪ್ಪು ಕೊನೆಯ ವಾರಕ್ಕೆ ಐವತ್ತೈದು, ಅರವತ್ತು ದಿನದ್ದಾಗಿರಬೇಕು, ಅಂದರೆ ಗಿಡ ಕಟಾವು ಮಾರ್ಚ್ ಮಧ್ಯದಲ್ಲೇ ಮುಗಿಯಬೇಕು. ಮಕ್ಕಳಿಗೆ ಪರೀಕ್ಷೆಯ ತಯಾರಿ ನಡೆಯುವಾಗಲೇ ನಾನು ಕುಡುಗೋಲು ಹಿಡಿದು ಮುಂದಿನ ತರಗತಿಯ ಶುಲ್ಕಕ್ಕೆ ಕೆಲಸ ಶುರುಮಾಡಿರುತ್ತೇನೆ. ಬಿಸಿಲಿಗೆ ಹುಳು ಒಂದು ದಿನ ಬೇಗ ಓಡುತ್ತದೆ, ಮೋಡ ಕವಿದರೆ ಒಂದು ದಿನ ನಿಧಾನ. ಆ ಎರಡು ದಿನದ ಅಲುಗಾಟ ಲೆಕ್ಕದಲ್ಲಿ ಇರಲೇಬೇಕು. ಚಾಕಿಯವರು ದಿನಾಂಕ ತಪ್ಪಿಸದಂತೆ ನಾನು ಮಾಡಿಕೊಂಡಿರುವ ಏರ್ಪಾಡೊಂದಿದೆ. ಅದನ್ನು ಬರೆದರೆ ನನಗೆ ಕೊಡುತ್ತಿರುವ ಸರದಿ ಎಲ್ಲರಿಗೂ ಹಂಚಿಹೋಗುತ್ತದೆ, ಆದ್ದರಿಂದ ಇಲ್ಲಿ ಹೇಳುವುದಿಲ್ಲ.

ಬಿಸಿಲಿನ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಶೀಟಿನ ಮೇಲೆ ತೆಂಗಿನ ಗರಿ ಎರಡು ಪದರ ಹೊದಿಸಿದೆ. ಅದರ ಮೇಲೆ ಹಳೆಯ ಹನಿ ನೀರಾವರಿ ಪೈಪು ಎಳೆದು, ಹನ್ನೊಂದರಿಂದ ನಾಲ್ಕರವರೆಗೆ ಆಗಾಗ ನೀರು ಬಿಡುತ್ತೇನೆ. ಕಿಟಕಿಗಳಿಗೆ ಒದ್ದೆ ಗೋಣಿ ತಾಟು. ಇಷ್ಟಕ್ಕೇ ಒಳಗೆ 29, 30ಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಶುದ್ಧೀಕರಿಸಿ ಬಿಡುವ ಹೆಬ್ಬಾಳ–ನಾಗವಾರ ಕಣಿವೆಯ ನೀರು ಕೆರೆಗೆ ಬರತೊಡಗಿದ ಮೇಲೆ ನಮ್ಮ ಬೋರು ಸ್ವಲ್ಪ ಚೇತರಿಸಿಕೊಂಡಿದೆ, ಇಲ್ಲದಿದ್ದರೆ ಚಾವಣಿಗೆ ಸುರಿಯಲು ನೀರೆಲ್ಲಿತ್ತು? ಮೇ ಬೆಳೆಗೆ ಬಿಸಿಲು ತಾಳುವ ಮಿಶ್ರತಳಿ ಹುಳುವನ್ನೇ ಹಾಕುತ್ತೇನೆ. ಇನ್ನೂರರ ಬದಲು ನೂರೈವತ್ತು ಮೊಟ್ಟೆಗೆ ಇಳಿಸಿ ಜಾಗ ಸಡಿಲ ಕೊಡುತ್ತೇನೆ. ಹಗಲಿನ ಮೇವು ಕಡಿಮೆ, ರಾತ್ರಿ ಹತ್ತರದ್ದು ಎಲ್ಲಕ್ಕಿಂತ ದೊಡ್ಡದು. ಜ್ವರ ಎದ್ದಾಗ ಹುಳುವಿನ ಮೇಲೆ ಉದುರಿಸುವ ಸೋಂಕುನಿವಾರಕ 'ವಿಜೇತ' ಪುಡಿ ತಪ್ಪಿಸುವುದಿಲ್ಲ. ಗೋಣಿ ತಾಟು ನೆನೆಸುವ ನೀರಿಗೆ ಅತ್ತೆ ಒಂದು ಸೊಪ್ಪು ಕುದಿಸಿ ಹಾಕುತ್ತಾರೆ. ಯಾವ ಸೊಪ್ಪು ಎಂಬುದು ಅತ್ತೆಯ ಗುಟ್ಟು, ಹೇಳುವ ಹಕ್ಕು ನನಗಿಲ್ಲ.

ನಾನು ಲೆಕ್ಕ ಹಾಕದೆ ಸಿಕ್ಕ ಲಾಭವೊಂದಿದೆ. ಬಾಡಬಾರದೆಂದರೆ ಸೊಪ್ಪನ್ನು ಬಿಸಿಲೇರುವ ಮೊದಲೇ ಕೊಯ್ಯಬೇಕು. ಆ ಎರಡು ವಾರ ಇಡೀ ಮನೆ ಐದೂವರೆಗೆ ಏಳುತ್ತದೆ. ರಜೆಯಲ್ಲಿ ಒಂಬತ್ತರವರೆಗೆ ಮಲಗುತ್ತಿದ್ದ ಮಗ, ಅಕ್ಕಂದಿರು ತೋಟಕ್ಕೆ ಹೊರಟರೆಂದು ತಾನೂ ಏಳತೊಡಗಿದ. ಶಾಲೆಯ ವ್ಯಾನು ಏಳೂಮುಕ್ಕಾಲಿಗೆ ಬರುತ್ತದೆ, ಈಗ ಅವನನ್ನು ಎಬ್ಬಿಸುವ ಗಲಾಟೆಯೇ ಇಲ್ಲ. ಮಕ್ಕಳಿಗೆ ಸೋಂಕುನಿವಾರಕದ ಕೆಲಸ, ಭಾರ ಹೊರುವ ಕೆಲಸ ಕೊಡುವುದಿಲ್ಲ. ಅವರ ಪಾಲಿಗೆ ಹಣ್ಣಾದ ಹುಳು ಆರಿಸುವುದು, ಗೂಡು ಬಿಡಿಸುವುದು. ಹುಳು ಆರಿಸುವುದರಲ್ಲಿ ನನ್ನ ಎರಡನೆಯವಳನ್ನು ಮೀರಿಸುವವರಿಲ್ಲ. ಹುಳುವನ್ನು ಎರಡು ಬೆರಳಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಎತ್ತುತ್ತಾಳೆ. ಮೈಯ ಬಿಳುಪು ಹೋಗಿ ಹಳದಿ ಬಣ್ಣ ಇಳಿದಿರಬೇಕು, ಕತ್ತಿನಿಂದ ಹಿಂಭಾಗದವರೆಗೆ ಬೆಳಕು ಹಾಯಬೇಕು, ಹೊಟ್ಟೆಯಲ್ಲಿ ಹಸಿರು ಕಾಣಬಾರದು. ಹಸಿರು ಕಂಡರೆ ಮತ್ತೆ ತಟ್ಟೆಗೆ. ಎಲ್ಲ ಒಟ್ಟಿಗೆ ಹಣ್ಣಾಗಲಿ ಎಂದು ಮೈಸೂರಿನ ಸಂಶೋಧನಾ ಸಂಸ್ಥೆಯ 'ಸಂಪೂರ್ಣ'ವನ್ನು ಮೊದಲ ಕೆಲವು ಹುಳು ಹಣ್ಣಾದದ್ದು ಕಂಡ ಕೂಡಲೇ ಸೊಪ್ಪಿಗೆ ಸಿಂಪಡಿಸುತ್ತೇನೆ. ಇದರಿಂದ ಎರಡು ಮೂರು ದಿನ ಎಳೆಯುತ್ತಿದ್ದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ, ಬಾಡಿಗೆಗೆ ತಂದ ಅರವತ್ತೈದರಷ್ಟು ಚಂದ್ರಿಕೆ ಬೇಗ ಹಿಂದಿರುಗಿಸಬಹುದು.

ಹೋದ ಮೇ ಬೆಳೆಯ ಹಣದ ಲೆಕ್ಕ ನೆನಪಿನಲ್ಲಿರುವಷ್ಟು ಬರೆಯುತ್ತೇನೆ. ನೂರೈವತ್ತು ಮೊಟ್ಟೆಗೆ ಗೂಡು ನೂರು ಕೆಜಿ ದಾಟಿತು. ಬಿಸಿಲಿಗೆ ಹೆದರಿ ನಮ್ಮ ಕಡೆ ಬೆಳೆ ಬಿಟ್ಟವರು ಬಹಳ, ನಮ್ಮ ಲಾಟು ಹೋದ ದಿನ ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಗೂಡು ಸುರಿಯುವ ಜಾಲರಿಗಳು ಅಲ್ಲಲ್ಲಿ ಖಾಲಿ ಇದ್ದವು. ಇ-ಹರಾಜಿನಲ್ಲಿ ಕೆಜಿಗೆ ನಾನೂರ ನಲವತ್ತರ ಮೇಲೆ ಕೂಗಿದರು. ಜೂನ್‌ನಲ್ಲಿ ಮೈದುನನಿಗೆ ಸಿಕ್ಕಿದ್ದು ಇದಕ್ಕಿಂತ ಇಪ್ಪತ್ತೈದು, ಮೂವತ್ತು ಕಡಿಮೆ. ನಲವತ್ತೈದು ಸಾವಿರದ ಹತ್ತಿರ ಬ್ಯಾಂಕ್ ಖಾತೆಗೆ ಬಂತು. ಚಾಕಿ, ಪುಡಿ, ಕೂಲಿ, ಚಂದ್ರಿಕೆ ಬಾಡಿಗೆ, ಟೆಂಪೊ ಎಲ್ಲ ಸೇರಿ ಹದಿನಾಲ್ಕು ಸಾವಿರ ಹಿಡಿದರೂ ಮೂವತ್ತು ಸಾವಿರ ಉಳಿಯಿತು. ಚಿಕ್ಕವರಿಬ್ಬರ ಮೊದಲ ಕಂತಿಗೆ ಹದಿನೆಂಟು, ಬಟ್ಟೆ ಬೂಟಿಗೆ ಆರು, ನೋಟ್‌ಬುಕ್ಕು ಚೀಲಕ್ಕೆ ಮೂರೂವರೆ. ದೊಡ್ಡವಳಿಗೆ ಪಠ್ಯಪುಸ್ತಕ ಸರ್ಕಾರದ್ದೇ. ಸಾಲವಿಲ್ಲದೆ ಶುಲ್ಕದ ರಸೀದಿ ಹಿಡಿದು ಹೊರಬಂದ ಆ ದಿನ ಯಜಮಾನರು ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ, ಸಂತೆಯಲ್ಲಿ ನಿಲ್ಲಿಸಿ ಒಂದು ಕುಕ್ಕೆ ಬಾದಾಮಿ ಮಾವು ಕೊಂಡರು.

ನಡುವೆ ಬೇರೆ ಪ್ರಯೋಗಗಳೂ ನಡೆದಿವೆ. ಒಂದು ವರ್ಷ ಎರಡು ಅಂಕಣದಲ್ಲಿ ಮಾತ್ರ ಬಿಳಿ ಗೂಡು ಕಟ್ಟುವ ದ್ವಿತಳಿ ಹುಳು ಹಾಕಿ ನೋಡಿದೆ. ಅದೇ ಚಾವಣಿ, ಅದೇ ಸೊಪ್ಪು. ಗೂಡು ಗಟ್ಟಿ ಬಂತು, ಕೆಜಿಗೆ ನೂರರಷ್ಟು ಹೆಚ್ಚೂ ಸಿಕ್ಕಿತು, ಆದರೆ ಮೂರರಲ್ಲಿ ಒಂದು ಪಾಲು ಹುಳು ಬಿಸಿಲಿಗೆ ಹೋದವು. ಮೇ ತಿಂಗಳಿಗೆ ಬೇಡ, ಮಳೆಗಾಲ ಕಳೆದ ಮೇಲೆ ಧೈರ್ಯವಾಗಿ ಹಾಕಬಹುದು. ನೋಟ್‌ಬುಕ್ಕಿನದ್ದೂ ಒಂದು ಪ್ರಯೋಗ. ನಾಲ್ಕು ಮನೆಯವರು ಸೇರಿ ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಸಗಟಾಗಿ ತಂದೆವು. ಡಜನ್ನಿಗೆ ಎಂಬತ್ತು, ತೊಂಬತ್ತು ರೂಪಾಯಿ ಉಳಿತಾಯ. ಮೇ ಆರಂಭದಲ್ಲೇ ಹೋದರೆ ಮಾತ್ರ ಉಂಟು, ಕೊನೆಯ ವಾರ ಹೋದವರಿಗೆ ಜನಜಂಗುಳಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಸಮವಸ್ತ್ರವನ್ನು ನಾನು ಏಪ್ರಿಲ್‌ನಲ್ಲೇ ಹೊಲಿಯಲು ಕೊಡುತ್ತೇನೆ, ಅಂಚಿನಲ್ಲಿ ಮೂರು ಬೆರಳು ಬಟ್ಟೆ ಮಡಚಿಸಿ. ದರ್ಜಿಗೆ ಆಗ ಬಿಡುವು, ಕೂಲಿಯೂ ಇಳಿಸುತ್ತಾನೆ.

ಗೂಡು ಹೋದ ಮೇಲೆ ಶಾಲೆ ತೆರೆಯುವವರೆಗೆ ಐದಾರು ದಿನ ಸಿಗುತ್ತದಲ್ಲ, ನಾನು ಇಷ್ಟೆಲ್ಲ ಪಾಡುಪಟ್ಟದ್ದು ಆ ದಿನಗಳಿಗಾಗಿ. ರೇಷ್ಮೆ ಮನೆಯ ಮಕ್ಕಳಿಗೆ ಬೇಸಿಗೆ ರಜೆಯೆಂದರೆ ಸೊಪ್ಪು ಎನ್ನುವಂತಾಗಬಾರದು. ಮೊದಲ ದಿನ ಎಲ್ಲರೂ ನಿದ್ದೆ ಮಾಡುತ್ತೇವೆ. ಒಂದು ದಿನ ಮನೆಯವರೆಲ್ಲ ಸುತ್ತ ಕುಳಿತು ಪುಸ್ತಕಕ್ಕೆ ಬೈಂಡು ಹಾಕುತ್ತೇವೆ, ಅತ್ತೆ ಗಂಜಿ ಅಂಟು ಕಾಯಿಸಿ ಕೊಡುತ್ತಾರೆ. ಒಂದು ದಿನ ಕೈವಾರಕ್ಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಅತ್ತೆಗೂ ಹೆಣ್ಣುಮಕ್ಕಳಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಯಜಮಾನರಿಗೂ ಮಗನಿಗೂ ಮಾತ್ರ ಖರ್ಚು. ಯೋಗಿ ನಾರೇಯಣ ತಾತಯ್ಯನವರ ದರ್ಶನ ಮಾಡಿ, ಬುತ್ತಿ ಉಂಡು, ಸಂಜೆಗೆ ಮನೆ.

ಈ ಐದಾರು ದಿನದ ಬಗ್ಗೆ ನನಗೂ ಮೈದುನನಿಗೂ ಇನ್ನೂ ಜಗಳವಿದೆ. ಗೂಡು ಬಿಡಿಸಿದ ಮರುದಿನವೇ ಬ್ಲೀಚಿಂಗ್ ಪುಡಿ ಹೊಡೆಯಬೇಕೆಂಬುದು ಅವನ ವಾದ. ಕಸ, ಉಳಿದ ರೆಂಬೆ, ಸತ್ತ ಹುಳುಗಳನ್ನು ಅದೇ ದಿನ ತೆಗೆದು ಸುಡುವುದನ್ನು ನಾನೂ ಬಿಡುವುದಿಲ್ಲ. ಬಾಗಿಲು ಮುಚ್ಚಿಡುತ್ತೇನೆ. ಆದರೆ ಬ್ಲೀಚಿಂಗ್ ಘಾಟು ಮಕ್ಕಳ ಮೂಗಿಗೆ ಬೇಡ. ಮೇ 29ಕ್ಕೆ ಅವರು ಬಸ್ಸು, ವ್ಯಾನು ಹತ್ತಿದ ಮೇಲೆ ಸುಣ್ಣದ ಪುಡಿ ಬೆರೆಸಿ ಗೋಡೆ, ನೆಲ, ಅಂಕಣ ಎಲ್ಲಕ್ಕೂ ಹೊಡೆಯುತ್ತೇನೆ. ಹೀಗೆ ತಡಮಾಡಿದ್ದರಿಂದ ಮುಂದಿನ ಬೆಳೆಗೆ ರೋಗ ಬಂದದ್ದು ಇದುವರೆಗೆ ಇಲ್ಲ. ಇಷ್ಟು ವಾದ ಮಾಡುವ ಮೈದುನ ಈ ಫೆಬ್ರವರಿಯಲ್ಲಿ ಬಂದು, "ಅತ್ತಿಗೆ, ಕಟಾವಿನ ದಿನಾಂಕ ಬರೆದುಕೊಡಿ" ಎಂದ. ಬರೆದುಕೊಟ್ಟೆ. ಅವನ ಮಗಳೂ ಈಗ ಒಂದನೇ ತರಗತಿ.

ಬರುವ ವರ್ಷ ದೊಡ್ಡವಳು ಹತ್ತನೇ ತರಗತಿ. ವಿಶೇಷ ತರಗತಿ ಮೇ ಮಧ್ಯದಲ್ಲೇ ಶುರುಮಾಡುತ್ತಾರಂತೆ. ಹಾಗಾದರೆ ಇನ್ನೂ ಹತ್ತು ದಿನ ಹಿಂದಕ್ಕೆ ಹೋಗಬೇಕು, ಕಟಾವು ಮಾರ್ಚ್ ಮೊದಲ ವಾರಕ್ಕೆ. ಯುಗಾದಿಗೆ ಮೊದಲೇ ಗೊಬ್ಬರ ಕೊಟ್ಟು ನೀರು ಕಟ್ಟಿದರೆ ಸೊಪ್ಪು ಬರುತ್ತದೆ ಎಂದು ಒಂದು ಸಾಲಿನಲ್ಲಿ ಈಗಾಗಲೇ ಮಾಡಿ ನೋಡಿದ್ದೇನೆ. ಚಾವಣಿಗೆ ಗರಿ ಇನ್ನೊಂದು ಪದರ ಬೇಕಾಗುತ್ತದೆ.