ಎರಡು ದೇಶ, ಇಬ್ಬರು ಗೈಡ್, ಒಂದೇ ಥೀಸಿಸ್: ನನ್ನ ಅನುಭವ

ಜಂಟಿ ಪಿಎಚ್‌ಡಿ ಮಾಡಬೇಕು ಎಂದುಕೊಂಡವರು ನನ್ನನ್ನು ಮೊದಲು ಕೇಳುವುದು ಫೆಲೋಶಿಪ್ ಬಗ್ಗೆ. ಆಮೇಲೆ ವೀಸಾ ಬಗ್ಗೆ. ವೈವಾ, ಅಂದರೆ ಥೀಸಿಸ್ಸಿನ ಮೌಖಿಕ ಪರೀಕ್ಷೆ, ಎಲ್ಲಿ, ಯಾರ ಮುಂದೆ, ಯಾವ ದೇಶದ ನಿಯಮದಂತೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ನಾನಂತೂ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಮೂರ್ನಾಲ್ಕು ವರ್ಷ ಎರಡು ವಿಶ್ವವಿದ್ಯಾಲಯಗಳು ಹೇಗೋ ಹೊಂದಿಕೊಂಡು ಹೋಗುತ್ತವೆ. ಡಿಗ್ರಿ ಕೊಡುವ ದಿನ ಸಹಿ ಯಾರದ್ದು ಎಂಬ ಮಾತು ಬಂದಾಗಲೇ ನಿಜವಾದ ಕಗ್ಗಂಟು.

ನನ್ನದು ಅಂತರ್ಜಲದ ಕೆಲಸ. ಗುಂಡ್ಲುಪೇಟೆ ಕಡೆಯ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಒಂದು ಹೊಲದಲ್ಲಿ ವಿಪರೀತ, ಬದು ದಾಟಿದರೆ ಏನೂ ಇಲ್ಲ. ಇದು ಯಾಕೆ ಹೀಗೆ ಎಂಬುದೇ ನನ್ನ ಥೀಸಿಸ್. ನೋಂದಣಿ ಎರಡು ಕಡೆ: ಕರ್ನಾಟಕದ ಒಂದು ವಿಶ್ವವಿದ್ಯಾಲಯ, ಫ್ರಾನ್ಸಿನ ದಕ್ಷಿಣದ ಒಂದು ವಿಶ್ವವಿದ್ಯಾಲಯ. ಅಲ್ಲಿ ಇದನ್ನು ಕೋತ್ಯುತೆಲ್ ಎನ್ನುತ್ತಾರೆ.

ಫ್ರಾನ್ಸೇ ಯಾಕೆ ಎಂದರೆ, ಅವರು ಈ ನೆಲದಲ್ಲಿ ನನಗಿಂತ ಮೊದಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಐಆರ್‌ಡಿ ಎಂಬ ಸಂಶೋಧನಾ ಸಂಸ್ಥೆ ಸೇರಿ 2000ದ ದಶಕದ ಆರಂಭದಿಂದಲೂ ಕಬಿನಿ ಕೊಳ್ಳದಲ್ಲಿ ನೀರು, ಮಣ್ಣು ಅಳೆಯುತ್ತಿವೆ. ಬಂಡೀಪುರದ ಕಾಡೊಳಗೆ ಮೂಲೆಹೊಳೆಯ ಸುಮಾರು 4 ಚದರ ಕಿಲೋಮೀಟರಿನ ಪುಟ್ಟ ಜಲಾನಯನ. ಕಾಡಿನಾಚೆ, ಬೇಸಾಯದ ನಡುವೆ, ಬೇರಂಬಾಡಿಯ 84 ಚದರ ಕಿಲೋಮೀಟರ್. ಒಂದು ಕಡೆ ಆನೆ, ಇನ್ನೊಂದು ಕಡೆ ಅರಿಶಿನ, ಚೆಂಡುಹೂವು, ಬೋರ್‌ವೆಲ್. ಕೆಳಗಿನ ಕಲ್ಲು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ನೀರಿನ ಗುಣದಲ್ಲಿ ಕಾಣುವ ವ್ಯತ್ಯಾಸದಲ್ಲಿ ಮನುಷ್ಯನ ಪಾಲೆಷ್ಟು ಎಂದು ಕೇಳಬಹುದು. ಇಷ್ಟು ವರ್ಷಗಳ ಅಳತೆಯನ್ನು ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ತಾನೇ ಮಾಡಿ ಮುಗಿಸಲು ಆಗುತ್ತದಾ? ಆ ಪ್ರಕಟಿತ ಕೆಲಸ ಓದಿಯೇ ನನ್ನ ಇಬ್ಬರು ಗೈಡ್‌ಗಳು ಪರಸ್ಪರ ಪರಿಚಯವಾಗಿದ್ದು. ನಾನು ಬರುವ ಹೊತ್ತಿಗೆ ಅವರು ಜೊತೆಯಾಗಿ ಪೇಪರ್ ಬರೆದಿದ್ದರು. ಇದು ನನ್ನ ಅದೃಷ್ಟ. ಮೊದಲು ಡಿಗ್ರಿಯ ಆಸೆ ಇಟ್ಟುಕೊಂಡು, ಆಮೇಲೆ ಗೊತ್ತಿಲ್ಲದ ಪ್ರೊಫೆಸರಿಗೆ ಈಮೇಲ್ ಮಾಡುತ್ತಾ ಕೂರುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ.

ಎಲ್ಲರಿಗೂ ಜಂಟಿ ಡಿಗ್ರಿ ಬೇಕು ಅಂತಲೂ ಇಲ್ಲ. ಒಂದು ಉಪಕರಣ ಕಲಿಯಬೇಕು, ಒಬ್ಬರ ಜೊತೆ ಒಂದು ಪೇಪರ್ ಬರೆಯಬೇಕು ಎಂದಿದ್ದರೆ ಕೆಲವು ತಿಂಗಳ ಭೇಟಿ ಸಾಕು. ಅದಕ್ಕಾಗಿಯೇ 2013ರಲ್ಲಿ ಶುರುವಾದ ರಾಮನ್-ಶರ್ಪಾಕ್ ಫೆಲೋಶಿಪ್ ಇದೆ. ಭೌತಶಾಸ್ತ್ರದಲ್ಲಿ 1930ರ ನೊಬೆಲ್ ಪಡೆದ ನಮ್ಮ ಸಿ. ವಿ. ರಾಮನ್, 1992ರ ನೊಬೆಲ್ ಪಡೆದ ಜಾರ್ಜ್ ಶರ್ಪಾಕ್, ಇಬ್ಬರ ಹೆಸರಲ್ಲಿ. ನಡೆಸುವುದು ಸೆಫಿಪ್ರಾ, 1987ರಿಂದ ದೆಹಲಿಯಲ್ಲಿರುವ ಭಾರತ-ಫ್ರಾನ್ಸ್ ಜಂಟಿ ಕೇಂದ್ರ. ಹೋಗಿ ಬಂದು ಇಲ್ಲಿಯ ಡಿಗ್ರಿಯನ್ನೇ ಪಡೆಯಬಹುದು. ಕಾಗದ ಪತ್ರ ಕಾಲು ಭಾಗವೂ ಇರುವುದಿಲ್ಲ.

ಇನ್ನು ಒಪ್ಪಂದ. ಜಂಟಿ ಪಿಎಚ್‌ಡಿಯಲ್ಲಿ ಪ್ರತಿ ವಿದ್ಯಾರ್ಥಿಗೂ ಅವರದ್ದೇ ಒಂದು ಒಪ್ಪಂದ ಇರುತ್ತದೆ. ಎರಡು ವಿಶ್ವವಿದ್ಯಾಲಯಗಳ ನಡುವೆ ದೊಡ್ಡ ಎಂಓಯು ಇದೆ, ಫೋಟೋ ಪೇಪರಲ್ಲಿ ಬಂದಿದೆ ಎಂದರೆ ಸಾಲದು. ನಿಮ್ಮ ಹೆಸರು, ಥೀಸಿಸ್ ಶೀರ್ಷಿಕೆ, ಗೈಡ್‌ಗಳು, ಎಲ್ಲಿ ಎಷ್ಟು ಕಾಲ, ಫೀಸು ಎಲ್ಲಿ, ವಿಮೆ ಯಾರದ್ದು, ಯಾವ ಭಾಷೆಯಲ್ಲಿ ಬರೆಯುವುದು, ವೈವಾ ಹೇಗೆ, ಎಲ್ಲ ಅದರಲ್ಲಿ ಇರಬೇಕು. ಫ್ರಾನ್ಸಿನಲ್ಲಿ ಇದನ್ನು 2016ರ ಮೇ 25ರ ಡಾಕ್ಟರೇಟ್ ಆದೇಶ ಹೇಳುತ್ತದೆ. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2022ರ ಟ್ವಿನ್ನಿಂಗ್, ಜಂಟಿ ಮತ್ತು ಡ್ಯುಯಲ್ ಡಿಗ್ರಿ ನಿಯಮಗಳಿವೆ. ಅದರ ಪ್ರಕಾರ ಎರಡೂ ಕಡೆ ಒಬ್ಬೊಬ್ಬ ಗೈಡ್, ಎರಡೂ ಕಡೆ ಕನಿಷ್ಠ ಒಂದು ಸೆಮಿಸ್ಟರ್, ಆದರೆ ಥೀಸಿಸ್ ಒಂದೇ. ಎಲ್ಲ ಕಾಲೇಜಿಗೂ ಈ ಬಾಗಿಲು ತೆರೆದಿಲ್ಲ. ನ್ಯಾಕ್ ಮೌಲ್ಯಮಾಪನದ ಅಂಕ, ಎನ್‌ಐಆರ್‌ಎಫ್ ಎಂಬ ರಾಷ್ಟ್ರೀಯ ರ‍್ಯಾಂಕ್ ಪಟ್ಟಿಯ ಸ್ಥಾನ, ಆಚೆ ಕಡೆಯ ವಿಶ್ವವಿದ್ಯಾಲಯದ ಜಾಗತಿಕ ರ‍್ಯಾಂಕ್ ಎಲ್ಲ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕುವ ಮೊದಲೇ ನಿಮ್ಮ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದನ್ನು ಕೇಳಿಕೊಳ್ಳಿ.

ನಾವು ಒಪ್ಪಂದದ ಕರಡನ್ನು ಕೊನೆಯ ಕಲಮಿನಿಂದ, ಅಂದರೆ ವೈವಾದಿಂದ, ಬರೆದೆವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಆ ಕೂಸು ಆಗುವುದು ನನಗೆ ಬೇಕಿರಲಿಲ್ಲ. ವೈವಾ ವಿಚಾರದಲ್ಲಿ ಎರಡು ದೇಶಗಳ ಪದ್ಧತಿ ಎಷ್ಟು ಬೇರೆ ನೋಡಿ. ನಮ್ಮ ಯುಜಿಸಿ ನಿಯಮದಲ್ಲಿ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು, ಸಾಧ್ಯವಾದರೆ ಒಬ್ಬರು ಭಾರತದ ಹೊರಗಿನವರು. ವೈವಾ ಮಂಡಳಿಯಲ್ಲಿ ಗೈಡ್ ಇರುತ್ತಾರೆ, ಸಹಿಯನ್ನೂ ಹಾಕುತ್ತಾರೆ. ಫ್ರಾನ್ಸಿನಲ್ಲಿ 4ರಿಂದ 8 ಜನರ ಪರೀಕ್ಷಕ ಮಂಡಳಿ, ಅಂದರೆ ಜ್ಯೂರಿ, ಅದರಲ್ಲಿ ಕನಿಷ್ಠ ಅರ್ಧ ಹೊರಗಿನವರು. ಗೈಡ್ ಕೂರಬಹುದು, ಮಾತಾಡಬಹುದು. ಆದರೆ ತೀರ್ಮಾನದಲ್ಲಿ ಪಾಲಿಲ್ಲ. ನಮ್ಮ ಕಡೆ ಗೈಡ್ ಸಹಿ ಬೇಕೇ ಬೇಕು, ಅವರ ಕಡೆ ಗೈಡ್ ತೀರ್ಮಾನಿಸುವಂತೆಯೇ ಇಲ್ಲ.

ದಾರಿ ಹೀಗೆ ಸಿಕ್ಕಿತು. ಒಂದೇ ದಿನ, ಒಂದೇ ವೈವಾ, ಒಂದೇ ಜ್ಯೂರಿ. ಆದರೆ ವರದಿ ಎರಡು. ಫ್ರೆಂಚ್ ವರದಿಯ ತೀರ್ಮಾನದಿಂದ ಇಬ್ಬರು ಗೈಡ್‌ಗಳೂ ಹೊರಗೆ. ನಮ್ಮ ಕಡೆಯ ವರದಿಗೆ ಇಲ್ಲಿಯ ಗೈಡ್ ಸಂಚಾಲಕರಾಗಿ ಸಹಿ ಹಾಕುವುದು. ಪರೀಕ್ಷಕರ ಆಯ್ಕೆಯಲ್ಲೂ ಒಂದು ಉಪಾಯ ಮಾಡಿದೆವು. ಒಬ್ಬರನ್ನು ಭಾರತವೂ ಅಲ್ಲದ ಫ್ರಾನ್ಸೂ ಅಲ್ಲದ ಮೂರನೇ ದೇಶದಿಂದ ಕರೆದೆವು. ಯುಜಿಸಿಗೆ ಅವರು ವಿದೇಶಿ ಪರೀಕ್ಷಕರು, ಫ್ರಾನ್ಸಿಗೆ ಎರಡೂ ವಿಶ್ವವಿದ್ಯಾಲಯಗಳ ಹೊರಗಿನವರು. ಒಬ್ಬರಿಂದ ಎರಡು ಷರತ್ತು ತೀರಿತು. ಇದನ್ನೆಲ್ಲ ಥೀಸಿಸ್ಸಿನ ಒಂದು ಸಾಲೂ ಬರೆಯದಿದ್ದಾಗ ಚರ್ಚಿಸುವುದು ಆಗ ಎಲ್ಲರಿಗೂ ತಮಾಷೆಯಾಗಿ ಕಂಡಿತ್ತು.

ಸಹಿಗಳಿಗೆ ಹಿಡಿದ ಕಾಲವನ್ನು ನೆನೆಸಿಕೊಂಡರೆ ಈಗಲೂ ಸುಸ್ತು. ನಮ್ಮ ಕಡೆ ಫೈಲು ಮೇಜಿನಿಂದ ಮೇಜಿಗೆ ನಿಧಾನವಾಗಿ ನಡೆಯಿತು. ಅದು ಫ್ರಾನ್ಸ್ ತಲುಪಿದಾಗ ಆಗಸ್ಟ್. ಆಗಸ್ಟಿನಲ್ಲಿ ಅಲ್ಲಿ ಆಫೀಸಿನ ದೀಪ ಹಚ್ಚುವವರೂ ಸಿಗುವುದಿಲ್ಲ.

ಗೈಡ್ ಬಗ್ಗೆ ಒಂದು ಮಾತು. ಅಲ್ಲಿ ಥೀಸಿಸ್ ನಿರ್ದೇಶಕರಾಗಲು ಸಾಮಾನ್ಯವಾಗಿ ಎಚ್‌ಡಿಆರ್ ಎಂಬ ಅರ್ಹತೆ ಇರಬೇಕು. ನನಗೆ ದಿನವೂ ಕೆಲಸ ಕಲಿಸಿದ ಯುವ ವಿಜ್ಞಾನಿಗೆ ಅದು ಇರಲಿಲ್ಲ. ಹಾಗಾಗಿ ಕಾಗದದಲ್ಲಿ ನಿರ್ದೇಶಕರು ಬೇರೆ, ಅವರು ಸಹ-ಮಾರ್ಗದರ್ಶಕಿ. ನೀವು ಯಾರ ಜೊತೆ ಕೆಲಸ ಮಾಡಲು ಹೋಗುತ್ತೀರೋ ಅವರಿಗೆ ಈ ಅರ್ಹತೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅಲ್ಲಿ ಇದು ತೀರಾ ಮಾಮೂಲಿ ಪ್ರಶ್ನೆ.

ವಿದ್ಯಾರ್ಥಿಯ ಕೆಲಸ ಹೇಗೆ ಸಾಗಿದೆ ಎಂದು ನೋಡುವ ಅಲ್ಲಿಯ ವಾರ್ಷಿಕ ಸಮಿತಿ ನನಗೆ ತುಂಬಾ ಹಿಡಿಸಿತು. ಮೊದಲು ನಾವು ಕೆಲಸ ಹೇಳಬೇಕು. ಆಮೇಲೆ ಗೈಡ್‌ಗಳನ್ನು ಹೊರಗೆ ಕಳಿಸಿ ನಮ್ಮೊಬ್ಬರ ಜೊತೆ ಮಾತು. ಆಮೇಲೆ ನಮ್ಮನ್ನು ಹೊರಗೆ ಕಳಿಸಿ ಗೈಡ್‌ಗಳ ಜೊತೆ. 2022ರ ತಿದ್ದುಪಡಿಯ ನಂತರ ಇದು ನಿಯಮವೇ. ಮೊದಲ ಸಲ ಗೈಡ್ ಎದ್ದು ಬಾಗಿಲು ಹಾಕಿಕೊಂಡು ಹೋದಾಗ ನನಗೆ ಬಾಯೇ ಬರಲಿಲ್ಲ. "ಗೈಡ್ ಎಷ್ಟು ದಿನಕ್ಕೊಮ್ಮೆ ಸಿಗುತ್ತಾರೆ? ನಿದ್ದೆ ಸರಿಯಾಗಿ ಬರುತ್ತಾ?" ಎಂದು ಕೇಳಿದರು. ನಮ್ಮ ಸಲಹಾ ಸಮಿತಿ ಆರು ತಿಂಗಳಿಗೊಮ್ಮೆ ಸೇರುತ್ತದೆ, ಕೆಲಸದ ಬಗ್ಗೆ ಖಡಕ್ಕಾಗಿಯೇ ಕೇಳುತ್ತದೆ. ಆದರೆ ಗೈಡ್ ಎದುರೇ ಕೂತಿರುವಾಗ ಯಾರು ಏನು ಹೇಳಿಯಾರು, ಅಲ್ವಾ?

ದುಡ್ಡಿನ ವಿಚಾರ ಬೇಗ ಹೇಳುತ್ತೇನೆ. ಫ್ರಾನ್ಸಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಫೀಸು ವರ್ಷಕ್ಕೆ 400 ಯೂರೋ ಆಸುಪಾಸು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ವಿನಾಯಿತಿ ಎಂದು ಒಪ್ಪಂದದಲ್ಲಿ ಬರೆಸಿ. ಅಲ್ಲಿ ಪ್ರತಿ ವರ್ಷ ಮರುನೋಂದಣಿ ಆಗಬೇಕು, ಫೀಸು ಕಟ್ಟದ ವರ್ಷವೂ. ಪ್ರಯಾಣ, ವಾಸದ ಖರ್ಚು ನನಗೆ ಗೈಡ್‌ಗಳ ಪ್ರಾಜೆಕ್ಟಿನಿಂದ ಮತ್ತು ಅಲ್ಲಿಯ ಒಂದು ಪ್ರಯಾಣ ಅನುದಾನದಿಂದ ಬಂತು. ಇಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆಯುವವರು ಹೊರಡುವ ಮೊದಲು ಲಿಖಿತ ಅನುಮತಿ ತೆಗೆದುಕೊಳ್ಳಿ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ, ಸುಮ್ನೆ ನಿಲ್ಲುವಂತೆ ಮಾಡಿಕೊಳ್ಳಬೇಡಿ. ವೀಸಾಗೆ ಅಲ್ಲಿಯ ಲ್ಯಾಬ್ ಕೊಡುವ ಆತಿಥ್ಯ ಪತ್ರ ಇದ್ದರೆ ಸಂಶೋಧಕರ ವಿಭಾಗದಲ್ಲಿ ಅರ್ಜಿ ಹಾಕಬಹುದು. ದೀರ್ಘಾವಧಿ ವೀಸಾದಲ್ಲಿ ಇಳಿದ ಮೂರು ತಿಂಗಳೊಳಗೆ ಅದನ್ನು ಆನ್‌ಲೈನಿನಲ್ಲಿ ದೃಢೀಕರಿಸಬೇಕು.

ಕ್ಯಾಲೆಂಡರ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಗುಂಡ್ಲುಪೇಟೆಯಲ್ಲಿ ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ನೀರು ತೆಗೆಯಲೇಬೇಕು. ಅದಕ್ಕೇ ಫ್ರಾನ್ಸಿನ ವಾಸವನ್ನು ಜನವರಿಯಿಂದ ವಸಂತದವರೆಗೆ ಇಟ್ಟುಕೊಂಡೆ. ಮಾದರಿಗಳೂ ನನ್ನ ಜೊತೆ ಹಾರಿದವು. ಬೋರ್ ಕೆಲಹೊತ್ತು ಓಡಿಸಿ, ಹಳೆ ನೀರು ಹೋದ ಮೇಲೆ ಬಾಟಲಿ ಹಿಡಿಯಬೇಕು. ಅಲ್ಲೇ ಹೊಲದಲ್ಲಿ ಸಿರಿಂಜಿಗೆ ಫಿಲ್ಟರ್ ಸಿಕ್ಕಿಸಿ ಸೋಸಬೇಕು. ಲೋಹದ ಅಂಶಗಳಿಗೆ ಸಾಮಾನ್ಯವಾಗಿ ಅಲ್ಲೇ ನೈಟ್ರಿಕ್ ಆಸಿಡ್ ಹಾಕುತ್ತಾರೆ. ವಿಮಾನದಲ್ಲಿ ಆಸಿಡ್ ಬಾಟಲಿ ಎಂದರೆ ಯಾರು ಬಿಡುತ್ತಾರೆ? ಹಾಗಾಗಿ ಬರೀ ಸೋಸಿದ ನೀರು ಒಯ್ದು, ಅಲ್ಲಿಯ ಲ್ಯಾಬಿನಲ್ಲಿ ಆಸಿಡ್ ಹಾಕಿ, ಕನಿಷ್ಠ ಒಂದು ದಿನ ಬಿಟ್ಟು ಅಳೆದೆವು. ಬಾಟಲಿ ಗೋಡೆಗೆ ಅಂಟಿದ ಲೋಹ ಮತ್ತೆ ನೀರಿಗೆ ಬರಲು ಅಷ್ಟು ಸಮಯ ಬೇಕು. ಮಣ್ಣು ಒಯ್ಯುವ ಯೋಚನೆ ಬಿಟ್ಟುಬಿಟ್ಟೆ. ಯುರೋಪಿಗೆ ಹೊರಗಿನ ಮಣ್ಣು ತರಲು ವಿಶೇಷ ಪರವಾನಗಿ ಬೇಕು.

"ನಮ್ ಬೋರ್ ನೀರು ಅಷ್ಟ್ ದೂರ ಯಾಕ್ ತಗೊಂಡ್ ಹೋಗ್ತೀರಿ, ಅಲ್ಲಿ ನೀರಿಲ್ವಾ?" ಎಂದು ಚೆಂಡುಹೂವು ಬೆಳೆಯುವ ರೈತರೊಬ್ಬರು ಕೇಳಿದರು. ನೈಟ್ರೇಟನ್ನು ಇಲ್ಲೇ ಅಳೆಯುತ್ತೇವೆ, ಅದು ಗೊಬ್ಬರದ್ದೋ ಕೊಟ್ಟಿಗೆಯದ್ದೋ ಎಂದು ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ನೋಡಿ ಹೇಳುವ ಕೆಲಸ ಅಲ್ಲಿಯ ತಂಡದ್ದು ಎಂದು ವಿವರಿಸಿದೆ. ಫಲಿತಾಂಶ ಮೊದಲು ತನಗೇ ಹೇಳಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಇದನ್ನು ಗೈಡ್‌ಗಳಿಗೆ ಹೇಳಿದಾಗ ಒಪ್ಪಂದದ ದತ್ತಾಂಶದ ಕಲಮಿಗೆ ಒಂದು ಸಾಲು ಸೇರಿಸಿದರು: ರೈತರಿಗೆ ಅವರ ಬೋರಿನ ಫಲಿತಾಂಶ ಕೊಡಲು ಯಾರ ಅನುಮತಿಯೂ ಬೇಕಿಲ್ಲ. ಇಡೀ ಒಪ್ಪಂದದಲ್ಲಿ ನನಗೆ ಇಷ್ಟವಾದ ಸಾಲು ಅದೇ.

ಆ ಫಲಿತಾಂಶದಲ್ಲೇ ಇನ್ನೊಂದು ತಕರಾರು ಎದ್ದಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಭಾರತದಲ್ಲಿ ಲೀಟರಿಗೆ 45 ಮಿಲಿಗ್ರಾಂ, ಯುರೋಪಿನಲ್ಲಿ 50. ನಡುವೆ ಬಿದ್ದ ಬಾವಿಗಳಿದ್ದವು. ಒಂದು ದೇಶದ ಲೆಕ್ಕದಲ್ಲಿ ಕೆಟ್ಟ ನೀರು, ಇನ್ನೊಂದರ ಲೆಕ್ಕದಲ್ಲಿ ಸರಿ. ಇಬ್ಬರು ಗೈಡ್‌ಗಳೂ ತಮ್ಮ ತಮ್ಮ ಗೆರೆಗೆ ಅಂಟಿಕೊಂಡರು. ಕುಡಿಯುವವರು ಇಲ್ಲಿಯವರು, ಹಾಗಾಗಿ 45 ಇರಲಿ ಎಂದೆ. ನಕ್ಷೆಯಲ್ಲಿ ಅದೇ ಉಳಿಯಿತು, 50 ಅಡಿಟಿಪ್ಪಣಿಗೆ ಹೋಯಿತು.

ಥೀಸಿಸ್ ಬರೆದಿದ್ದು ಇಂಗ್ಲಿಷಿನಲ್ಲಿ, ಜೊತೆಗೆ ಫ್ರೆಂಚಿನಲ್ಲಿ ಉದ್ದನೆಯ ಸಾರಾಂಶ. ಪ್ರಕಟಿತ ಪೇಪರ್‌ಗಳನ್ನೇ ಜೋಡಿಸಿ ಥೀಸಿಸ್ ಮಾಡುವುದು ಅಲ್ಲಿ ನಡೆಯುತ್ತದೆ. ಇಲ್ಲಿ ಕೃತಿಚೌರ್ಯ ತಪಾಸಣೆಯ ಯಂತ್ರ ನಮ್ಮದೇ ಪೇಪರನ್ನು ನಕಲು ಎಂದು ತೋರಿಸುತ್ತದೆ. ಹಾಗಾಗಿ ಅಧ್ಯಾಯಗಳನ್ನು ಹೊಸದಾಗಿಯೇ ಬರೆದೆ. ಕಷ್ಟವಾಯಿತು, ಬರಹ ಮಾತ್ರ ಸುಧಾರಿಸಿತು.

ವೈವಾ ಮೊದಲೇ ಬರೆದಿಟ್ಟಂತೆ ನಡೆಯಿತು, ಒಂದು ವಿಡಿಯೋ ಪರದೆಯ ಎರಡೂ ಬದಿಯಲ್ಲಿ. ಜ್ಯೂರಿ ಹೊರಗೆ ಹೋಗಿ ಬಂದು ಫಲಿತಾಂಶ ಓದಿದ ಮೇಲೆ ನಾನು ಪ್ರಮಾಣ ವಚನ ಓದಬೇಕಿತ್ತು. ಮುಂದಿನ ವೃತ್ತಿ ಯಾವುದೇ ಆಗಿರಲಿ, ಜ್ಞಾನದ ವಿಚಾರದಲ್ಲಿ ಪ್ರಾಮಾಣಿಕವಾಗಿರುತ್ತೇನೆ ಎಂಬ ಅರ್ಥದ್ದು. ಅಲ್ಲಿ 2023ರಿಂದ ಇದು ಬಂದಿದೆ.

ಆಮೇಲೆ ಉಳಿದಿದ್ದು ಬರೀ ಓಡಾಟ. ತಿದ್ದಿದ ಪ್ರತಿಯನ್ನು ಇಲ್ಲಿ ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರಕ್ಕೆ, ಅಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ರಾಷ್ಟ್ರೀಯ ಥೀಸಿಸ್ ಭಂಡಾರಕ್ಕೆ ಒಪ್ಪಿಸಬೇಕು. ಎರಡರಲ್ಲೂ ಶೀರ್ಷಿಕೆ ಅಕ್ಷರಕ್ಕಕ್ಷರ ಒಂದೇ ಇರಲಿ. ಯುಜಿಸಿಯ 2022ರ ನಿಯಮದಡಿ ಪಡೆದ ಜಂಟಿ ಡಿಗ್ರಿಗೆ ಬೇರೆ ತತ್ಸಮಾನ ಪತ್ರ ಬೇಕಿಲ್ಲ. ಆದರೂ ಸಂದರ್ಶನಗಳಲ್ಲಿ ಕೇಳುವವರು ಇದ್ದಾರೆ, ಆ ನಿಯಮದ ಒಂದು ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಂಡಿರಿ. ಮೂಲ ಡಿಗ್ರಿ ಪತ್ರ ಬರುವುದು ತಡ. ಪೋಸ್ಟ್‌ಡಾಕ್ ಅರ್ಜಿ ಹಾಕುವವರು ಇಲ್ಲಿಯ ಪ್ರೊವಿಷನಲ್ ಸರ್ಟಿಫಿಕೇಟ್, ಅಲ್ಲಿಯ ಉತ್ತೀರ್ಣ ಪತ್ರ ಎರಡಕ್ಕೂ ಪ್ರತಿ ಒಪ್ಪಿಸಿದ ದಿನವೇ ಅರ್ಜಿ ಕೊಟ್ಟುಬಿಡಿ.