ದಣಪೆ ತೆಗೆದು ಗೇಟು ಹಾಕಿಸಿದ ಮೇಲೆ

ಸಿರ್ಸಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಮೊದಲು ಇದ್ದದ್ದು ದಣಪೆ. ಎರಡು ಕಂಬ, ಅವುಗಳ ತೂತಿಗೆ ತೂರಿಸಿದ ನಾಲ್ಕು ಗಳ. ದನ ತಡೆಯಲು ಅಷ್ಟು ಸಾಕಿತ್ತು. ಅಡಿಕೆ ದರ ಏರಿದ ಮೇಲೆ ರಾತ್ರಿ ಅಡಿಕೆ ಕೊನೆ (ಗೊನೆ) ಕದಿಯುವವರು ಹುಟ್ಟಿಕೊಂಡರು. ಹಾಗಾಗಿ 8 ಅಡಿಯ ಒಂಟಿ ಕಬ್ಬಿಣದ ಗೇಟು ಬಂತು.

ಬೀಗದ್ದೇನು ಮಹಾ ಎಂದುಕೊಂಡು ಅಗ್ಗದ ಕಬ್ಬಿಣದ ಬೀಗ, ಸರಪಳಿ ತಂದು ಕಂಬಕ್ಕೆ ಸುತ್ತಿದೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಬೀಗದ ಕೈ ತಿರುಗಲಿಲ್ಲ. ಸೀಮೆಎಣ್ಣೆ ಬಿಟ್ಟೆ, ಕೊಬ್ಬರಿ ಎಣ್ಣೆ ಬಿಟ್ಟೆ, ಕಡೆಗೆ ಗರಗಸವೇ ಗತಿ. ಮುಂದಿನದು 50 ಮಿ.ಮೀ. ಹಿತ್ತಾಳೆ ಬೀಗ. ತೂತು ಕೆಳಮುಖವಾಗಿ ನೇತುಹಾಕಿ, ಸೈಕಲ್ ಟ್ಯೂಬಿನ ತುಂಡೊಂದನ್ನು ಕೊಪ್ಪೆಯಂತೆ ಹೊದಿಸಿದೆ. ಎಣ್ಣೆಗೆ ಧೂಳು ಮೆತ್ತಿ ಒಳಗೆ ಕೆಸರಾಗುತ್ತದೆ. ಈಗ ಪೆನ್ಸಿಲ್ ಕಡ್ಡಿಯ ಪುಡಿ ಹಾಕುತ್ತೇನೆ.

ನಡುವೆ ವೆಲ್ಡಿಂಗ್‌ನವನ ಮಾತು ಕೇಳಿ ಗೇಟಿನೊಳಗೇ ಕೂರುವ ಪೆಟ್ಟಿಗೆ ಬೀಗ ಹಾಕಿಸಿದೆ. ಎರಡೂ ಕಡೆಯಿಂದ ತೆಗೆಯಬಹುದು, ನೋಡಲೂ ಚೆಂದ. ಮಳೆಗಾಲದಲ್ಲಿ ಗೇಟು ಎರಡು ಬೆರಳು ಜೋತಿತು, ಬೀಗದ ನಾಲಿಗೆಗೂ ಕಂಬದ ತೂತಿಗೂ ತಾಳೆಯೇ ಇಲ್ಲ. ಮನೆಯ ಅಂಗಳದ ಗೇಟಿಗೆ ಅದು ಸರಿ, ತೋಟಕ್ಕಲ್ಲ. ಅದನ್ನು ಕಿತ್ತು ಜಾರುವ ಚಿಲಕ ಹಾಕಿಸಿ, ಗೇಟು ಜೋತರೂ ಕೂರಲೆಂದು ಕಂಬದ ಪಟ್ಟಿಯ ತೂತನ್ನು ಉದ್ದಕ್ಕೆ ಕೊರೆಸಿದೆ. ಪಟ್ಟಿಯನ್ನು ಮೊದಲು ಚಿರೆಕಲ್ಲಿಗೆ ಸ್ಕ್ರೂ ಹೊಡೆದು ಕೂರಿಸಿದ್ದೆ. ಚಿರೆಕಲ್ಲು ಮೆದು, ಎಳೆದರೆ ಸ್ಕ್ರೂ ಪುಡಿಯೊಡನೆ ಕಿತ್ತು ಬರುತ್ತದೆ. ಕಲ್ಲು ಕಡಿದು ಕಾಂಕ್ರೀಟಿನಲ್ಲಿ ಹುಗಿಸಬೇಕಾಯಿತು.

ಕೊನೆಕೊಯ್ಲಿನ ಹೊತ್ತಿಗೆ ಒಂದು ಬೆಳಿಗ್ಗೆ ಹೋದರೆ ಬೀಗ ಹಾಕಿದ್ದು ಹಾಕಿದಂತೆಯೇ ಇದೆ, ಗೇಟು ಮಾತ್ರ ಬೇಲಿಗೆ ಒರಗಿದೆ! ತಿರುಗಣಿಯ ಪಿನ್ನು ಗಿಡ್ಡ, ಎರಡೂ ಮೇಲ್ಮುಖ. ಇಬ್ಬರು ಹಿಡಿದೆತ್ತಿದರೆ ಕಳಚುತ್ತದೆ. ಎತ್ತಲು ಜಾಗ ಕೊಟ್ಟದ್ದು ನಾನೇ ಉದ್ದ ಮಾಡಿಸಿದ ತೂತು. ಹೋದ ಅಡಿಕೆಗಿಂತ ಇದು ಹೆಚ್ಚು ಉರಿಸಿತು. ಗೇಟು ಕೂರಿಸಿದ ಮೇಲೆ ಮೇಲಿನ ಪಿನ್ನನ್ನು ತಲೆಕೆಳಗು ಮಾಡಿ ವೆಲ್ಡ್ ಮಾಡಿಸಿದೆ. ಈಗ ಎತ್ತಿದರೆ ಅದೇ ತಡೆಯುತ್ತದೆ. ವೆಲ್ಡಿಂಗ್ ಮುಂಚೆ ಬೀಗ ಬಿಚ್ಚಿಡಿ, ಕಾವಿಗೆ ಒಳಗಿನ ಸ್ಪ್ರಿಂಗ್ ಸತ್ತುಹೋಗುತ್ತದೆ. ಸುಟ್ಟ ಜಾಗಕ್ಕೆ ಅಂದೇ ರೆಡ್ ಆಕ್ಸೈಡ್ ಬಳಿಯಿರಿ.

ಉಳಿದದ್ದು ದೊಡ್ಡಪ್ಪನ ಮಗನ ತಕರಾರು. ದಾರಿ ಇಬ್ಬರದ್ದು, ಬೀಗ ನನ್ನದು. ಬೀಗದ ಕೈ ಕೊಟ್ಟರೆ ಕಳೆಯುತ್ತಾನೆ, ಕೊಡದಿದ್ದರೆ ಮುನಿಸು. ಈಗ ಸರಪಳಿಯ ಒಂದು ತುದಿಗೆ ನನ್ನ ಬೀಗ, ಇನ್ನೊಂದಕ್ಕೆ ಅವನದು, ಎರಡರ ಕೊಂಡಿಯೂ ಒಂದಕ್ಕೊಂದು ಸಿಕ್ಕಿಸಿದ್ದು. ಯಾರದನ್ನು ತೆಗೆದರೂ ದಾರಿ ಬಿಡುತ್ತದೆ. ಮುಚ್ಚುವಾಗ ಅವನ ಬೀಗ ನನ್ನ ಬೀಗದ ಕೊಂಡಿಗೇ ಬೀಳಬೇಕು. ಒಮ್ಮೆ ಅವನ ಕೆಲಸದವ ನನ್ನದನ್ನು ಬಿಟ್ಟು ಸರಪಳಿಗೇ ಜಡಿದು ಹೋಗಿ, ನಾನು ಹೊರಗೇ ಉಳಿದೆ.

ನಂಬರ್ ಬೀಗವನ್ನೂ ತಂದಿದ್ದೆ. ಕತ್ತಲಲ್ಲಿ ಒದ್ದೆ ಬೆರಳಿಗೆ ಒಗ್ಗಲಿಲ್ಲ, ಒಂದು ಕೊಯ್ಲು ಮುಗಿಯುವಷ್ಟರಲ್ಲಿ ನಂಬರು ಊರಿಗೆಲ್ಲ ಗೊತ್ತಾಗಿತ್ತು. ಅದೀಗ ಕೋಳಿಗೂಡಿನ ಬಾಗಿಲಲ್ಲಿದೆ.